ಹನ್ನೆರಡಕ್ಕಿಂತ ಕಡಿಮೆ

"ತಂತಿ ಬಿಚ್ಚೋಕೆ ಮುಂಚೆ ಒಂದು ಕೇಳ್ಲಾ?" ಎಂದಳು ಮಾರ್ಜೀನ್, ಅಡುಗೆಮನೆಯ ಬಾಗಿಲಲ್ಲೇ ನಿಂತು. "ಅದರೊಳಗೆ ಆರಿನ್‌ನ ಮಾತು ಏನಾದ್ರೂ ಉಳಿದಿದ್ಯಾ?"

ವೆಂಡೆಲ್ ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿದ. ಅವಳ ಗಂಡ ಆರಿನ್ ತೀರಿಕೊಂಡು ಒಂಬತ್ತು ದಿನವಾಗಿತ್ತು. ಕಾರ್ವಾಲಿಸ್ ಊರಿನ ನೆರೆಹೊರೆಯವರು ಊಟ ತುಂಬಿ ಕಳಿಸಿದ್ದ ಗಾಜಿನ ಪಾತ್ರೆಗಳನ್ನು, ತಳಕ್ಕೆ ಅಂಟಿಸಿದ ಹೆಸರು ನೋಡಿಕೊಂಡು ಅವಳು ವಾಪಸು ಕೊಡಲು ಜೋಡಿಸುತ್ತಿದ್ದಳು. ಅವನು ಆಫೀಸಿನ ಕಂಪ್ಯೂಟರನ್ನು ವಾಪಸು ಒಯ್ಯಲು ಬಂದಿದ್ದ.

ಆರಿನ್ ಮತ್ತು ವೆಂಡೆಲ್ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೂತು, ಕಂಪ್ಯೂಟರ್ ಪರದೆಯ ಮೇಲೆ ಕಿಟಕಿಗಳನ್ನು ತೆರೆಯುವ ಪ್ರೋಗ್ರಾಮು ಬರೆದವರು. ಆಗ ಆ ಕಿಟಕಿಗಳಿಗೆ ಗೊತ್ತಿದ್ದದ್ದು ಮೌಸು ಮತ್ತು ಕೀಬೋರ್ಡು ಎರಡೇ. ಬೇರೆ ಏನು ಸಿಕ್ಕಿಸಿದರೂ ಯಾರ ಮನೆ ನಾಯಿ ಎಂಬಂತೆ ಸುಮ್ಮನಿರುತ್ತಿದ್ದವು. ತಿರುಗಣಿ, ಪೆಡಲು, ಏನಿದ್ದರೂ ಅದರ ಮಾತು ಪ್ರೋಗ್ರಾಮಿಗೆ ತಲುಪುವ ದಾರಿ ಮಾಡಿದವನು ಆರಿನ್. "ಬಾಗಿಲು ತಟ್ಟಿದ್ದು ಬೆರಳೋ ಮೊಣಕೈಯೋ, ಕಟ್ಕೊಂಡು ನಮಗೇನಯ್ಯಾ? ಕೇಳಿಸಿದ್ರೆ ಸಾಕು," ಎನ್ನುತ್ತಿದ್ದ. ಆಮೇಲೆ ಅವನ ನರಗಳೇ ಒಂದೊಂದಾಗಿ ಸೋತವು. ಕೈ ಹೋಯಿತು, ನಾಲಿಗೆ ಹೋಯಿತು, ಕಣ್ಣೆವೆಯೂ ಹೋಯಿತು. ವೆಂಡೆಲ್ ಕಾಸಿನಗಲದ ಒತ್ತುಬಿಲ್ಲೆಯೊಂದನ್ನು ಅವನ ಕೆನ್ನೆಯಡಿ ಇಟ್ಟ. ಪರದೆಯ ಮೇಲೆ ಅಕ್ಷರಗಳು ಸರದಿಯಲ್ಲಿ ಬೆಳಗುವವು. ಬೇಕಾದ್ದು ಬಂದಾಗ ಕೆನ್ನೆಯಿಂದ ಒತ್ತಬೇಕು.

ಕೆನ್ನೆ ನಡುಗಿ ಸುಳ್ಳು ಅಕ್ಷರಗಳು ಬೀಳುತ್ತಿದ್ದವು. ಅದಕ್ಕೆ ವೆಂಡೆಲ್ ಒಂದು ಜರಡಿ ಹಾಕಿದ: ಒತ್ತಿದ ಬಲ ಹನ್ನೆರಡಕ್ಕಿಂತ ಕಡಿಮೆಯಿದ್ದರೆ ಅದು ನಡುಕ, ಬಿಸಾಡು. 'ಈಗ ತೊದಲೋದು ನಿಂತಿತು ನೋಡು' ಎಂದು ಆರಿನ್ ಪರದೆಯ ಮೇಲೆ ತಮಾಷೆ ಮಾಡಿದ್ದ.

"ಸಹಿ ಹಾಕಿದ್ಯಾ ಅಂತ ಆ ಕೊನೇ ಗುರುವಾರ ಕೇಳ್ದ," ಎಂದಳು ಮಾರ್ಜೀನ್. "ಸೇಲಮ್‌ನ ಆರೈಕೆ ಮನೆಗೆ ಸೇರಿಸೋ ಕಾಗದಕ್ಕೆ. ಹಾಕ್ದೆ ಅಂದೆ. ಅಷ್ಟೇ. ಆರು ದಿನ ಒಂದಕ್ಷರ ಆಡಲಿಲ್ಲ, ಹೋಗೇಬಿಟ್ಟ. ಎತ್ತಿ ಎತ್ತಿ ನನ್ನ ಬೆನ್ನು ಬಿದ್ದುಹೋಗಿತ್ತು ವೆಂಡೆಲ್. ಅದು ಅವನಿಗೆ ಗೊತ್ತಿರಲಿಲ್ವಾ? ಕೋಪ ಇಟ್ಕೊಂಡೇ ಹೋದ."

"ಅಲ್ಲ, ಹಾಗೆಲ್ಲ..."

"ಯಂತ್ರ ಕೆಟ್ಟಿದೆಯೇನೋ ಅಂತ ಶನಿವಾರ ನಿನ್ನ ಕರೆಸಿದ್ದೆ. ಸರಿಯಾಗೇ ಇದೆ ಅಂದ್ಯಲ್ಲ."

ಅಂದಿದ್ದ. ಬಂದವನು ಬಿಲ್ಲೆಯನ್ನು ಬೆರಳಲ್ಲಿ ಒತ್ತಿದ್ದ, ಅಕ್ಷರ ಟಣ್ಣನೆ ಬಿದ್ದಿತ್ತು. ಆಮೇಲೆ ಆರಿನ್‌ನ ಪಕ್ಕದಲ್ಲೇ ಕೂತು ಅವಳು ಕೊಟ್ಟ ಸೇಬಿನ ಪೈ ತಿಂದು ಹೋಗಿದ್ದ.

ತನ್ನ ಬೆರಳಲ್ಲಿ ಒತ್ತಿದ್ದ. ದುಡಿಯುವ, ತಿನ್ನುವ, ಗಟ್ಟಿ ಬೆರಳು. ವೆಂಡೆಲ್ ಮೇಜಿನ ಕೆಳಗಿಂದ ಎದ್ದ. ಕುರ್ಚಿ ಎಳೆದುಕೊಂಡು ದಾಖಲೆ ತೆರೆದ. ಬಿಲ್ಲೆಯಿಂದ ಬಂದದ್ದೆಲ್ಲ ಜರಡಿಗೆ ಬೀಳುವ ಮೊದಲೇ ಅಲ್ಲಿ ಹೊತ್ತು, ಬಲ, ಆಗ ಬೆಳಗಿದ್ದ ಅಕ್ಷರದ ಸಮೇತ ಬರೆದಿರುತ್ತಿತ್ತು. ಗುರುವಾರ ಸಂಜೆಯಿಂದ ಸಾಲುಸಾಲು. ಹನ್ನೊಂದು, ಒಂಬತ್ತು, ಏಳು. ಒಂದೂ ಹನ್ನೆರಡು ಮುಟ್ಟಿರಲಿಲ್ಲ.

"ಮಾರ್ಜೀನ್, ಅವನು ಸುಮ್ಮನಿರಲಿಲ್ಲ. ಒತ್ತುತ್ತಲೇ ಇದ್ದ. ಕಸುವು ಕಮ್ಮಿ ಆಗಿತ್ತು, ನನ್ನ ಪ್ರೋಗ್ರಾಮು ನಡುಕ ಅಂತ ಬಿಸಾಡ್ತು. ನಾನು ನನ್ನ ಬೆರಳಲ್ಲಿ ನೋಡಿ ಸರಿಯಿದೆ ಅಂದ್ಬಿಟ್ಟೆ. ತಪ್ಪು ನಂದು."

ಅವಳು ಬೈಯಲಿಲ್ಲ. "ಏನಂದ?" ಎಂದಳು.

ವೆಂಡೆಲ್ ಹನ್ನೆರಡನ್ನು ಅಳಿಸಿ ಎರಡು ಎಂದು ಹಾಕಿ, ಆರು ದಿನದ ದಾಖಲೆಯನ್ನು ಬೇಗಬೇಗ ಓಡಿಸಿದ. ನಡುಕದ ಸುಳ್ಳು ಅಕ್ಷರಗಳ ನಡುವೆ ಪರದೆಯ ಮೇಲೆ ಮಾತು ಮೂಡಿತು: ಒಳ್ಳೇದಾಯ್ತು. ಬೆನ್ನು ನೋಡ್ಕೋ.

ಮಾರ್ಜೀನ್ ಕೈಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ. "ಕೋಪ ಇರಲಿಲ್ಲ! ನೋಡು, ಒಳ್ಳೇದಾಯ್ತು ಅಂದಿದಾನೆ!"

ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರಾದರೂ ನಿಲ್ಲಿಸುತ್ತಿದ್ದರು. ಮುಂದಿನ ಸಾಲು ವೆಂಡೆಲ್‌ನ ಕಣ್ಣಿಗೆ ಬಿದ್ದಿತ್ತು. ಕೈ ಓಟ ನಿಲ್ಲಿಸುವ ಗುಂಡಿಯತ್ತ ಹೋಯಿತು.

"ಇನ್ನೂ ಇದೆ, ಅಲ್ವಾ?"

ಅವನ ಬೆರಳು ಗುಂಡಿಯ ಮೇಲೆಯೇ ಇತ್ತು.

"ಬಿಡು. ಓಡಲಿ."

ಶುಕ್ರವಾರ ಬೆಳಿಗ್ಗೆ: ಕಾಲು ಚಳಿ. ಮಧ್ಯಾಹ್ನ: ಕಾಲು ಚಳಿ. ಶನಿವಾರ ಮೂರು ಗಂಟೆಗೆ, ವೆಂಡೆಲ್ ಪೈ ತಿನ್ನುತ್ತ ಕೂತಿದ್ದಾಗ: ಕಾಲು ಚಳಿ.

"ಜ್ವರ ಇತ್ತು," ಎಂದಳು ಮಾರ್ಜೀನ್ ಮೆಲ್ಲಗೆ. "ಹೊದಿಕೆ ತೆಗೆದಿಡು ಅಂದಿದ್ಲು ನರ್ಸು. ನಾನೇ ತೆಗೆದಿಟ್ಟಿದ್ದೆ."

ಭಾನುವಾರ. ಸೋಮವಾರ. ಅಂಕಿಗಳು ನಾಲ್ಕಕ್ಕೆ, ಮೂರಕ್ಕೆ ಇಳಿದವು. ಮಾರ್ಜೀನ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಂದು ಸಾಲು ಮೂಡಿತು: ಕಾಲು ಚಳಿ.

"ಬಂದೆ," ಎಂದಳು ಅವಳು.

ಮತ್ತೊಂದು ಮೂಡಿತು, ಅರ್ಧಕ್ಕೆ ನಿಂತಿತು.

"ಬಂದೆ ಕಣೋ, ಬಂದೆ."