ಕೋಟಿನ ಮೇಲಿನ ಅಳತೆ

ಭಾನುವಾರ ಬೆಳಿಗ್ಗೆ ಹಸುಗಳಿಗೆ ಹುಲ್ಲಿನ ಸುರುಳಿ ಬಿಚ್ಚಿ ಹಾಕಿ, ನೀರಿನ ತೊಟ್ಟಿಯ ಮೇಲೆ ಕಟ್ಟಿದ್ದ ಮಂಜುಗಡ್ಡೆಯನ್ನು ಕೊಡಲಿಯಿಂದ ಒಡೆದು, ಮೈರನ್ ಎರಡು ಕಂಬಳಿಗಳನ್ನು ಟ್ರಕ್ಕಿನ ಮುಂದಿನ ಸೀಟಿಗೆ ಹಾಕಿಕೊಂಡು ಊರಿಗೆ ಹೊರಟ. ಒಂದು ಕಂದು ಬಣ್ಣದ್ದು, ಅವನದು. ಇನ್ನೊಂದು ಕೆಂಪು ಪಟ್ಟೆಯ ಬೂದು ಕಂಬಳಿ, ಗಿಸ್ಲಿಯದು. ಇಪ್ಪತ್ತೆರಡು ಕಿಲೋಮೀಟರ್ ದಾರಿಯಲ್ಲಿ ಎದುರಿಗೆ ಬಂದದ್ದು ಒಂದೇ ಒಂದು ಗಾಡಿ. ನಮಸ್ಕಾರದ ಬದಲು ಇಬ್ಬರೂ ಸ್ಟೀರಿಂಗಿನಿಂದ ಒಂದೊಂದು ಬೆರಳು ಎತ್ತಿದರು.

ಐಸ್ ಹಾಕಿ ಆಟವಿರುವ ದಿನ ರಿಂಕಿನ, ಅಂದರೆ ಮಂಜುಗಡ್ಡೆಯ ಆಟದಂಗಳದ, ಬಾಗಿಲು ಒಂಬತ್ತಕ್ಕೇ ತೆರೆದಿರುತ್ತದೆ. ಬೆಂಚಿನ ಮೇಲೆ ಯಾರ ಕಂಬಳಿ ಇದೆಯೋ ಜಾಗ ಅವರದು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಹನ್ನೊಂದು ವರ್ಷದ ಹಿಂದೆ ಹೊರಗಿನಿಂದ ಬಂದಿದ್ದ ಇನ್ಶೂರೆನ್ಸ್ ಏಜೆಂಟನೊಬ್ಬ ಯಾರದೋ ಕಂಬಳಿ ಪಕ್ಕಕ್ಕೆ ತಳ್ಳಿ ಕೂತಿದ್ದ. ಊರಿನವರಿಗೆ ಅವನ ಹೆಸರು ಮರೆತಿದೆ, ಆದರೆ 'ಕಂಬಳಿ ಸರಿಸಿದವನು' ಎಂದರೆ ಈಗಲೂ ಎಲ್ಲರಿಗೂ ಗೊತ್ತು.

ಮೂರನೆಯ ಸಾಲಿನ ತುದಿಯಲ್ಲಿ, ಕಂಬದ ಪಕ್ಕ, ಮೈರನ್ ಬೂದು ಕಂಬಳಿಯನ್ನು ಹಾಸಿದ. ಅದರ ಪಕ್ಕದಲ್ಲಿ ತನ್ನದನ್ನು. ಆ ಕಂಬದ ಮೇಲೆ ಹೀಟರಿನ ಗುಂಡಿಯಿತ್ತು. ಒಮ್ಮೆ ಒತ್ತಿದರೆ ಸಾಲಿನ ತಲೆಯ ಮೇಲೆ ತೂಗಿದ್ದ ಸುರುಳಿಗಳು ಹದಿನೈದು ನಿಮಿಷ ಕೆಂಪಗೆ ಉರಿದು, ಟಕ್ ಎಂದು ಆರಿಹೋಗುತ್ತವೆ. ಮತ್ತೆ ಯಾರಾದರೂ ಒತ್ತಬೇಕು. ಇಪ್ಪತ್ತಾರು ಚಳಿಗಾಲ ಆ ಕೆಲಸ ಅವನ ಗೆಳೆಯ, ಕೆರೆಯಲ್ಲಿ ಮೀನು ಹಿಡಿಯುವ ಗಿಸ್ಲಿಯದಾಗಿತ್ತು. ಆಟದಿಂದ ಕಣ್ಣು ಕೀಳದೆಯೇ ಮೊಣಕೈಯಿಂದ ಒತ್ತುತ್ತಿದ್ದ. ಅಕ್ಟೋಬರಿನಲ್ಲಿ, ಕೆರೆ ಹೆಪ್ಪುಗಟ್ಟುವ ಮೊದಲೇ, ಅವನ ಮಗಳು ಬಂದು ಅವನನ್ನು ಪಶ್ಚಿಮದ ಕಡಲ ತೀರಕ್ಕೆ ಕರೆದುಕೊಂಡು ಹೋದಳು. ಒಣ ಚಳಿ ಎದೆಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೊರಡುವಾಗ ಗಿಸ್ಲಿ ಕಂಬಳಿಯನ್ನು ಮೈರನ್ನನ ಕೈಗೆ ಕೊಟ್ಟು, "ಪ್ಲೇ-ಆಫ್ ಹೊತ್ತಿಗೆ ಬಂದುಬಿಡ್ತೀನಿ ಕಣೋ. ಅಲ್ಲೀವರೆಗೆ ಜಾಗ ನೋಡ್ಕೋ" ಎಂದಿದ್ದ.

ಮಾರ್ಚ್ ಮೊದಲ ವಾರ ಪ್ಲೇ-ಆಫ್, ಆ ಚಳಿಗಾಲದ ಕೊನೆಯ ನಿರ್ಣಾಯಕ ಪಂದ್ಯಗಳು. ಈಗ ಫೆಬ್ರುವರಿ ಎರಡನೆಯ ವಾರ. ಮೈರನ್ ಮದುವೆಯಾದವನಲ್ಲ. ಒಡಹುಟ್ಟಿದವರು ಹತ್ತಿರದಲ್ಲಿರಲಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಅವನು ಬಾಯಿಬಿಟ್ಟು ನಾಲ್ಕು ಮಾತಾಡುತ್ತಿದ್ದುದು ಆ ಬೆಂಚಿನ ಮೇಲೆ, ಆ ಒಬ್ಬನ ಜೊತೆ. ಅದೂ ಹೆಚ್ಚೇನಲ್ಲ, ರೆಫರಿಯನ್ನು ಬಯ್ಯುವುದು, ಕೆರೆಯ ಮಂಜುಗಡ್ಡೆ ಎಷ್ಟು ದಪ್ಪ ಇದೆ ಎಂದು ಕೇಳುವುದು, ಅಷ್ಟೇ.

ಮಧ್ಯಾಹ್ನ ಅವನು ಮತ್ತೆ ಬಂದಾಗ ರಿಂಕಿನ ಅಡುಗೆಕೋಣೆಯ ಕಟ್ಟೆಯ ಮುಂದೆ ಜನ ಸೇರಿದ್ದರು. ಹೊಗೆಯಾಡುವ ಕಾಫಿ, ಕರಿದ ಆಲೂಗಡ್ಡೆಯ ವಾಸನೆ. ಅಡುಗೆಯ ಡೊರೀನ್ ಒಂದು ರಟ್ಟಿನ ಡಬ್ಬವನ್ನು ಕಟ್ಟೆಯ ಮೇಲೆ ಎತ್ತಿಟ್ಟಿದ್ದಳು. ಊರಿನ ತಂಡಕ್ಕೆ ಹೊಸ ಜೆರ್ಸಿ ಬಂದಿದ್ದರಿಂದ ಎದೆಯ ಮೇಲೆ ಅಲ್ಲಿಯ ಕೆರೆಯ ಪಿಕರೆಲ್ ಮೀನಿನ ಚಿತ್ರವಿದ್ದ ಹಳೆಯ ಹಸಿರು ಜೆರ್ಸಿಗಳು ಹದಿನೈದು ಡಾಲರಿಗೊಂದರಂತೆ ಬಿಕರಿಗಿದ್ದವು.

"ಆ ಮೀನಿನ ಮುಖ ನೋಡೇ ಡೊರೀನ್, ಹಲ್ಲುನೋವು ಬಂದೋರ ಹಾಗಿದೆ," ಎಂದ ಲಾಯ್ಡ್. ಅವನು ಸುತ್ತಮುತ್ತಲ ರಸ್ತೆಗಳ ಹಿಮ ಗುಡಿಸುವ ಗಾಡಿ ಓಡಿಸುವವನು. "ಅದಕ್ಕೇ ಅಗ್ಗ."

"ನಿನ್ನ ಮುಖ ಹಾಕಿದ್ರೆ ಪುಕ್ಕಟೆ ಕೊಟ್ರೂ ಹೋಗ್ತಿರ್ಲಿಲ್ಲ ಚಿನ್ನಾ," ಎಂದಳು ಡೊರೀನ್. "ಫೋನಲ್ಲಿ ನೋಡಿ ತರಿಸ್ಕೊಂಡ್ಯಲ್ಲ, ದೊಡ್ಡ ತಂಡದ್ದು, ಅರ್ಧ ಬೆಲೆಗೆ? ಅದೇನಾಯ್ತು ಹೇಳು ಎಲ್ರಿಗೂ."

"ಏನಾಗತ್ತೆ, ಒಗೆದೆ. ಒಗೆದ್ರೆ ಅದರ ಕೆಂಪೆಲ್ಲಾ ನನ್ನ ಉಣ್ಣೆ ಒಳಚಡ್ಡಿಗೆ ಬಂತು. ಈಗ ಜೆರ್ಸಿ ಬಿಳಿ, ನಾನು ಗುಲಾಬಿ."

ಎಲ್ಲರೂ ನಕ್ಕರು. ಮೈರನ್ನೂ ನಕ್ಕ. ನಗುತ್ತಲೇ ಎಡಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ, ಗೋಡೆಗೆ ಒರಗಿಸಿದ ಹಿಮದ ಸಲಿಕೆ ಇತ್ತು.

ಆಗ ಮಾರಿಸೆಲ್ ಒಳಗೆ ಬಂದಳು. ಸೆಪ್ಟೆಂಬರಿನಲ್ಲಿ ಫಿಲಿಪ್ಪೀನ್ಸಿನಿಂದ ಬಂದವಳು. ಊರಿನ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಹಿಂದಿನ ವಾರ ತಾನೇ ಡೊರೀನಳ ಡಬ್ಬದಿಂದ ಒಂದು ಜೆರ್ಸಿ ಕೊಂಡಿದ್ದಳು. ಈಗ ಅದು ಅವಳ ದಪ್ಪ ಕೋಟಿನ ಮೇಲೆ ಕುತ್ತಿಗೆಯವರೆಗೆ ಇಳಿದು, ತೋಳಿನ ಹತ್ತಿರ ಸಿಕ್ಕಿಕೊಂಡಿತ್ತು, ಅವಳು ಎರಡೂ ಕೈ ಅಗಲಿಸಿಕೊಂಡು ನಿಂತಿದ್ದಳು. ಕೆಳಗೆ ಎಳೆಯಲೂ ಆಗದು, ಮೇಲೆ ತೆಗೆಯಲೂ ಆಗದು.

"ಅಯ್ಯೋ, ಇದರೊಳಗೆ ಸಿಕ್ಕಾಕ್ಕೊಂಡಿದೀನಿ," ಎಂದಳು, ನಗುತ್ತ, ಕಣ್ಣಲ್ಲಿ ನೀರು ತಂದುಕೊಂಡು. "ನನ್ನ ಅಳತೆಯೇ ತಗೊಂಡಿದ್ದೆ. ಸ್ಮಾಲ್."

ಡೊರೀನ್ ಕಟ್ಟೆ ಸುತ್ತಿ ಬಂದು ಅವಳನ್ನು ಬಿಡಿಸಿದಳು. "ನಿನ್ನ ಅಳತೆ ಯಾರಿಗೆ ಬೇಕು ಮಗಳೇ? ಇಲ್ಲಿ ಕೋಟಿನ ಅಳತೆಗೆ ತಗೋಬೇಕು. ಕೋಟಿನ ಮೇಲೆ ಹಾಕ್ಕೊಳ್ಳೋದು ತಾನೆ? ಇಲ್ದಿದ್ರೆ ಮೀನು ಯಾರಿಗೆ ಕಾಣ್ಬೇಕು?"

"ಊರು ಯಾವ್ದು ಅಂತ ಜೆರ್ಸಿಯ ಅಳತೆ ಚೀಟಿ ನೋಡಿದ್ರೇ ಹೇಳ್ಬಹುದು," ಎಂದ ಲಾಯ್ಡ್. "ಮೂರು ಎಕ್ಸ್ ಇದ್ರೆ ನಮ್ಮೋನು. ಮೀಡಿಯಂ ಇದ್ರೆ ದಕ್ಷಿಣದೋನು, ಒಳಗೆ ಬರೀ ಬನಿಯನ್."

ಡೊರೀನ್ ಮಾರಿಸೆಲ್‌ಗೆ ಲಾರ್ಜ್ ಬದಲಾಯಿಸಿ ಕೊಟ್ಟಳು. ಮೈರನ್ ಡಬ್ಬದ ತಳದವರೆಗೆ ಕೈಹಾಕಿ ಮೂರು ಎಕ್ಸಿನ ಒಂದನ್ನು ಹುಡುಕಿ ತೆಗೆದ.

"ನಿನಗೆ ಎರಡು ಎಕ್ಸ್ ಸಾಕಲ್ವ?" ಎಂದಳು ಡೊರೀನ್.

"ನನಗಲ್ಲ, ಗಿಸ್ಲಿಗೆ. ಬರ್ತಾನಲ್ಲ. ಬರೋ ದಿನ ಅವನ ಜಾಗದ ಮೇಲೆ ಹಾಸಿಡ್ತೀನಿ."

ಡೊರೀನ್ ಹಣ ತೆಗೆದುಕೊಂಡು ಅವನ ಕಾಫಿ ಲೋಟವನ್ನು ಮತ್ತೆ ತುಂಬಿಸಿದಳು.

ಆಟ ಶುರುವಾಯಿತು. ಸ್ಕೇಟುಗಳು ಮಂಜನ್ನು ಕೊರೆಯುವ ಸದ್ದು ತಗಡಿನ ಮಾಡಿಗೆ ಬಡಿದು ಮರಳುತ್ತಿತ್ತು. ಕಾಲುಗಂಟೆಗೊಮ್ಮೆ ಹೀಟರ್ ಆರುತ್ತಿತ್ತು, ಸಾಲಿನಲ್ಲಿದ್ದವರೆಲ್ಲ ತುದಿಯ ಕಡೆ ತಿರುಗುತ್ತಿದ್ದರು, ಮೈರನ್ ಎದ್ದು ಬೂದು ಕಂಬಳಿಯನ್ನು ದಾಟಿ ಕೈಚಾಚಿ ಗುಂಡಿ ಒತ್ತುತ್ತಿದ್ದ. ಎರಡನೆಯ ಅವಧಿಯಲ್ಲಿ ಮಾರಿಸೆಲ್ ಕೈಯಲ್ಲಿ ಬಿಸಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಳು. ಅವಳು ಕಂಬಳಿ ಹಾಸಿರಲಿಲ್ಲ, ಹಾಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೀಟರಿನ ಕೆಳಗೆ ಖಾಲಿ ಇದ್ದದ್ದು ಬೂದು ಕಂಬಳಿಯ ಜಾಗವೊಂದೇ.

"ಸರ್, ಇಲ್ಲಿ ಯಾರಾದ್ರೂ ಇದ್ದಾರಾ?"

ಮೈರನ್ ಕಂಬಳಿಯ ಅಂಚನ್ನು ನೇರ ಮಾಡಿದ. "ಇದ್ದಾನೆ. ಬರ್ತಾನೆ."

"ಓ, ಸರಿ ಸರ್," ಎಂದು ಅವಳು ಕೆಳಗೆ ಹೋಗಿ ಆಟದಂಗಳದ ಸುತ್ತಲಿನ ಗಾಜಿನ ತಡೆಯ ಪಕ್ಕ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಆಟ ನೋಡಿದಳು. ಮೈರನ್ನನಿಗೆ ಅವಳ ಹಿಮ್ಮಡಿ ಕಾಣುತ್ತಿತ್ತು. ತೆಳುವಾದ ನಗರದ ಬೂಟುಗಳು. ಅವನು ಕಣ್ಣನ್ನು ಆಟದ ಮೇಲೆ ಇಟ್ಟ.

ಪ್ರತಿ ಭಾನುವಾರ ಸಂಜೆ ಆರಕ್ಕೆ ಫೋನು. ಗಿಸ್ಲಿಯ ಮೊದಲ ಮಾತು ಯಾವಾಗಲೂ ಒಂದೇ.

"ಎಷ್ಟಿದೆಯೋ ಅಲ್ಲಿ?"

"ಮೈನಸ್ ಮೂವತ್ತೆಂಟು. ಗಾಳಿ ಬೇರೆ."

"ಅಬ್ಬಬ್ಬಾ," ಎಂದ ಗಿಸ್ಲಿ. ಆ ಮಾತಿನಲ್ಲಿ ಹಿಂದೆ ಒಂದು ಹೆಮ್ಮೆ ಇರುತ್ತಿತ್ತು, ತಾನೂ ಅದರಲ್ಲಿ ನಿಂತವನದು. ಈಗ ದೂರದ ಊರಿನ ಬೆಂಕಿ ಅನಾಹುತದ ಸುದ್ದಿ ಕೇಳಿದವನ ಹಾಗೆ ಇತ್ತು. "ಇಲ್ಲಿ ಮಗಳ ಅಂಗಳದಲ್ಲಿ ಹಳದಿ ಹೂ ಬಿಟ್ಟಿದೆ ಕಣೋ. ಫೆಬ್ರುವರೀಲಿ! ಏನೋ ತಪ್ಪು ಮಾಡ್ದಂಗೆ ಅನ್ನಿಸತ್ತೆ ನೋಡಿದ್ರೆ."

"ಎದೆ ಹೇಗಿದೆ?"

"ಮೆಟ್ಟಿಲು ಹತ್ತುತ್ತೀನಿ. ಯಾರು ಗೆದ್ರು?"

ಮೈರನ್ ಆಟದ ಕಥೆ ಹೇಳಿದ. ಲಾಯ್ಡನ ಗುಲಾಬಿ ಒಳಚಡ್ಡಿಯ ಕಥೆ ಹೇಳಿದ. ಗಿಸ್ಲಿ ಕೆಮ್ಮು ಬರುವವರೆಗೂ ನಕ್ಕ. ಆಮೇಲೆ ಡಬ್ಬದಲ್ಲಿದ್ದ ಅಗ್ಗದ ಜೆರ್ಸಿಗಳ ವಿಷಯ ಬಂತು. ತಾನು ಕೊಂಡದ್ದನ್ನು ಮೈರನ್ ಬಾಯಿಬಿಡಲಿಲ್ಲ. ಬೆಂಚಿನ ಮೇಲೆ ಅದನ್ನು ನೋಡಿ ಅವನ ಮುಖ ಅರಳುವುದು ತನ್ನ ಕಣ್ಣಿಗೇ ಬೀಳಬೇಕು ಎಂದುಕೊಂಡಿದ್ದ.

"ಹಲ್ಲುನೋವಿನ ಮೀನಾ? ಹದಿನೈದಕ್ಕೆ?" ಎಂದ ಗಿಸ್ಲಿ. "ನನಗೂ ಒಂದು ತೆಗೆದು ಅಂಚೇಲಿ ಹಾಕು ಮಾರಾಯ. ಇಲ್ಲಿ ಹಾಕ್ಕೊಂಡು ತಿರುಗ್ತೀನಿ. ಲಾರ್ಜ್ ಸಾಕು."

ಮೈರನ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಲಾರ್ಜಾ?"

"ಹೂಂ, ಲಾರ್ಜೇ. ಮೂರು ಎಕ್ಸ್ ತಗೊಂಡ್ರೆ ಇಲ್ಲಿ ನೈಟಿ ಥರ ಕಾಣತ್ತೆ. ಯಾರು ಕೋಟು ಹಾಕ್ಕೋತಾರೆ ಇಲ್ಲಿ?"

ಗಿಸ್ಲಿ ಏನು ಹೇಳಿದನೆಂಬುದು ಗಿಸ್ಲಿಗೇ ತಿಳಿದಂತಿರಲಿಲ್ಲ. ಮುಂದಕ್ಕೆ ಮಾತಾಡುತ್ತಲೇ ಇದ್ದ, ಅಲ್ಲಿಯ ಮೀನಿನ ಬೆಲೆ, ನೆರೆಮನೆಯವನ ನಾಯಿ. ಮೈರನ್ ಹೂಂಗುಟ್ಟುತ್ತ ಕಿಟಕಿಯ ಹೊರಗೆ ನೋಡುತ್ತಿದ್ದ. ಅಂಗಳದಲ್ಲಿ ಟ್ರಕ್ಕಿನ ಎಂಜಿನ್ ಹೆಪ್ಪುಗಟ್ಟದಂತೆ ಕಾಯಿಸುವ ಹೀಟರಿನ ತಂತಿ ಕಂಬದ ಪ್ಲಗ್ಗಿಗೆ ಸೇರಿ, ಹಿಮದ ಮೇಲೆ ಕರ್ರಗೆ ಬಿದ್ದಿತ್ತು.

ಕೊನೆಗೆ ಕೇಳಿದ. "ಪ್ಲೇ-ಆಫಿಗೆ?"

ಗಿಸ್ಲಿ ಒಮ್ಮೆ ಕೆಮ್ಮಿದ.

"ನೋಡೋಣ," ಎಂದ. ಆಮೇಲೆ, "ಶೆಡ್ಡಿನ ಕೀಲಿ ನಿನ್ನ ಹತ್ರಾನೇ ಇದೆಯಲ್ಲ? ಬಲೆಗಳು ಸುಮ್ನೆ ಬಿದ್ದಿವೆ. ಯಾರಿಗಾದ್ರೂ ಬೇಕಾದ್ರೆ ಕೊಟ್ಟುಬಿಡು. ಇಲಿ ಕಡಿಯೋದಕ್ಕಿಂತ ವಾಸಿ."

'ನೋಡೋಣ' ಎನ್ನುವ ಮಾತಿನ ಅರ್ಥ ಮೈರನ್ನನಿಗೆ ಗೊತ್ತಿತ್ತು. ಜೀವಮಾನದಲ್ಲಿ ಅವನೇ ಎಷ್ಟೋ ಜನಕ್ಕೆ ಅದನ್ನು ಹೇಳಿದ್ದ.

ಬುಧವಾರ ಅವನು ಡೊರೀನಳ ಹತ್ತಿರ ಹೋಗಿ ಲಾರ್ಜ್ ಒಂದನ್ನು ಕೇಳಿದ. ಅವಳು ಹುಡುಕಿ ಕೊಟ್ಟು, "ಆ ದೊಡ್ಡದು ವಾಪಸ್ ತಗೊಳ್ಳಾ?" ಎಂದಳು.

"ಇರ್ಲಿ ಬಿಡು."

"ಮೈರನ್, ನಮ್ಮಮ್ಮನೂ ಹಾಗೇ ಹೋದ್ಲು. ಒಂದು ಚಳಿಗಾಲಕ್ಕೆ ಅಂತ. ಚಳಿ ಬಿಟ್ಟು ಹೋದೋರಿಗೆ ಮತ್ತೆ ಚಳಿ ಹಿಡಿಸಲ್ಲ ಚಿನ್ನಾ."

"ನಾನೇನೂ ಅನ್ಲಿಲ್ಲವಲ್ಲ," ಎಂದ ಮೈರನ್. ಅಂಚೆಯ ಕವರಿನ ಮೇಲೆ ವಿಳಾಸ ಬರೆಯುವಾಗ ಕೈಗವಸು ತೆಗೆದಿದ್ದರಿಂದ ಬೆರಳು ಮರಗಟ್ಟಿ, ಅಕ್ಷರ ಸಣ್ಣ ಮಕ್ಕಳ ಬರಹದಂತೆ ಬಂತು. ಒಳಗೆ ಚೀಟಿ ಇಡಬೇಕೆಂದು ಯೋಚಿಸಿದ. ಏನು ಬರೆಯುವುದು? ಅಳತೆ ಸರಿಯಿದೆಯೇ ತಿಳಿಸು ಎಂದಷ್ಟೇ ಬರೆದ.

ಶೆಡ್ಡಿಗೂ ಹೋಗಿ ಬಂದ. ಕಡ್ಡಿಗಳಿಗೆ ಸುತ್ತಿದ ಬಲೆಗಳು ಸಾಲಾಗಿ ತೂಗುತ್ತಿದ್ದವು. ಒಂದರಲ್ಲಿ ಕಳೆದ ವರ್ಷದ ಒಣ ಕಡ್ಡಿಕಸ ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಹತ್ತು ನಿಮಿಷ ತೆಗೆದುಕೊಂಡ. ಆಮೇಲೆ ಬಾಗಿಲು ಹಾಕಿ, ಯಾರಿಗೂ ಕೊಡದೆ ಮನೆಗೆ ಬಂದ.

ಪ್ಲೇ-ಆಫಿನ ಭಾನುವಾರ ಬೆಳಿಗ್ಗೆ ಹಸುಗಳ ಕೆಲಸ ಮುಗಿಸಿ, ಎರಡೂ ಕಂಬಳಿಗಳನ್ನು ಟ್ರಕ್ಕಿಗೆ ಹಾಕಿಕೊಂಡ. ಹಿಂದಿನ ರಾತ್ರಿ ಗಿಸ್ಲಿ ಫೋನು ಮಾಡಿ, "ಹೇಳಿ ಮಾಡಿಸಿದ ಹಾಗಿದೆ ಕಣೋ, ಮಗಳ ಜೊತೆ ಸಂತೆಗೆ ಹಾಕ್ಕೊಂಡು ಹೋಗಿದ್ದೆ" ಎಂದಿದ್ದ. ರಿಂಕಿನ ಮುಂದೆ ಟ್ರಕ್ಕು ನಿಲ್ಲಿಸಿ ಮೈರನ್ ಸ್ವಲ್ಪ ಹೊತ್ತು ಎಂಜಿನ್ ಆರಿಸದೆ ಕೂತ. ಬೂದು ಕಂಬಳಿಯನ್ನು ಸೀಟಿನ ಮೇಲೆಯೇ ಬಿಟ್ಟು, ಕಂದು ಕಂಬಳಿಯೊಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದ.

ಮೂರನೆಯ ಸಾಲಿನಲ್ಲಿ ಅವನು ತನ್ನ ಜಾಗದ ಮುಂದೆ ನಿಂತ. ಆಮೇಲೆ ಒಂದು ಹೆಜ್ಜೆ ಸರಿದು ತುದಿಗೆ, ಕಂಬದ ಪಕ್ಕಕ್ಕೆ, ಕಂಬಳಿ ಹಾಸಿದ. ಗುಂಡಿ ಒತ್ತುವವನು ಅಲ್ಲೇ ಕೂರಬೇಕು ತಾನೆ. ಅವನ ಹಳೆಯ ಜಾಗದಲ್ಲಿ ಬರಿಯ ಹಲಗೆ ಉಳಿಯಿತು. ಮಾರಿಸೆಲ್ ಬಂದರೆ ತಾನೇ ಕರೆಯಬೇಕು ಎಂದುಕೊಂಡ. ಏನೆಂದು ಕರೆಯಬೇಕೆಂದು ಮನೆಗೆ ಹೋಗುವ ಇಪ್ಪತ್ತೆರಡು ಕಿಲೋಮೀಟರೂ ಮನಸ್ಸಿನಲ್ಲೇ ಹೇಳಿಕೊಂಡ. 'ಬಾಮ್ಮ, ಇಲ್ಲಿ ಬೆಚ್ಚಗಿದೆ.' ಅಷ್ಟು ಸಾಕು.

ಆಟದ ಹೊತ್ತಿಗೆ ರಿಂಕು ತುಂಬಿತ್ತು. ಕೆರೆಯಾಚೆಯ ಊರಿನವರು ತಮ್ಮ ತಂಡವನ್ನು ಹುರಿದುಂಬಿಸಲು ಹಸುವಿನ ಗಂಟೆಗಳನ್ನು ಬಾರಿಸುತ್ತಿದ್ದರು. ಮೈರನ್ ಕೋಟಿನ ಮೇಲೆ ಆ ಮೂರು ಎಕ್ಸಿನ ಜೆರ್ಸಿಯನ್ನು ಹಾಕಿಕೊಂಡಿದ್ದ. ಅವನಿಗದು ದೊಡ್ಡದು. ತೋಳು ಕೈಗವಸನ್ನೂ ನುಂಗಿ ಕೆಳಗೆ ಜೋತುಬಿದ್ದಿತ್ತು. ಲಾಯ್ಡ್ ಮೆಟ್ಟಿಲು ಹತ್ತುವಾಗ ನೋಡಿ, "ಏನಯ್ಯಾ, ಇನ್ನೂ ಬೆಳೀತಿದೀಯಾ?" ಎಂದು ಬೆನ್ನು ತಟ್ಟಿ ಮುಂದೆ ಹೋದ. ಯಾರೂ ಗಿಸ್ಲಿಯ ಬಗ್ಗೆ ಕೇಳಲಿಲ್ಲ. ಡೊರೀನ್ ಎಲ್ಲರಿಗೂ ಹೇಳಿರಬೇಕು.

ಮಾರಿಸೆಲ್ ಬಂದಳು. ಲಾರ್ಜ್ ಜೆರ್ಸಿ ಕೋಟಿನ ಮೇಲೆ ಸರಿಯಾಗಿ ಕೂತಿತ್ತು, ಕಾಲಿಗೆ ಹೊಸ ದಪ್ಪ ಬೂಟು. ಮೈರನ್ ಕೈಯೆತ್ತಲು ಹೊರಟ. ಆದರೆ ಅವಳು ಅವನ ಕಡೆಗೆ ಬರಲಿಲ್ಲ. ಎದುರು ಸಾಲಿಗೆ ಹೋದಳು. ಅಲ್ಲಿ ವೃದ್ಧಾಶ್ರಮದ ಹೆಂಗಸರ ನಡುವೆ ಹೂವಿನ ಚಿತ್ತಾರದ ಒಂದು ಹೊಸ ಕಂಬಳಿ ಬೆಳಿಗ್ಗೆಯಿಂದ ಹಾಸಿತ್ತು. ಯಾರದಿರಬಹುದು ಎಂದು ಅವನು ಬೆಳಿಗ್ಗೆ ಯೋಚಿಸಿದ್ದ. ಅವಳು ಅದರ ಮೇಲೆ ಕೂತು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಮೈರನ್ನನನ್ನು ಕಂಡು ಕೈಬೀಸಿದಳು. ಅರ್ಧ ಎತ್ತಿದ ಕೈಯನ್ನು ಅವನು ಹಾಗೇ ಬೀಸಿದ. ಖಾಲಿ ತೋಳು ಬಾವುಟದಂತೆ ಅಲುಗಿತು.

ಪಕ್ಕದ ಬರಿಹಲಗೆಯ ಮೇಲೆ ಯಾರೂ ಕೂರಲಿಲ್ಲ. ಎಷ್ಟೋ ವರ್ಷ ಕಂಬಳಿ ಕಂಡ ಜಾಗ ಅದು, ಬರಿದಾದ ಮೇಲೂ ಊರಿನವರು ಅದನ್ನು ದಾಟಿಕೊಂಡೇ ಹೋಗುತ್ತಿದ್ದರು. ಊರಿನ ತಂಡದವನೊಬ್ಬ ಗೋಲು ಹೊಡೆದ. ಎಲ್ಲರೂ ಎದ್ದು ಕೂಗಿದರು. ಮೈರನ್ನೂ ಎದ್ದ, ಕೂಗಿದ, ಕೂಗುತ್ತಲೇ ಪಕ್ಕಕ್ಕೆ ತಿರುಗಿದ, ಕೂತ.

ತಲೆಯ ಮೇಲೆ ಟಕ್ ಎಂದಿತು. ಕೆಂಪು ಸುರುಳಿಗಳು ಕಂದಿ, ಬೂದಾಗಿ, ಚಳಿ ಭುಜದ ಮೇಲಿಂದ ಇಳಿಯತೊಡಗಿತು. ಸಾಲಿನಲ್ಲಿದ್ದವರೆಲ್ಲ ರೂಢಿಯಂತೆ ತುದಿಯ ಕಡೆಗೆ ಮುಖ ತಿರುಗಿಸಿದರು.

ಮೈರನ್ ಉದ್ದದ ತೋಳನ್ನು ಮೊಣಕೈವರೆಗೆ ಮೇಲಕ್ಕೆ ಎಳೆದುಕೊಂಡು, ಗುಂಡಿ ಒತ್ತಿದ.