ಬಾಯಿ ಬಿಡಬೇಕಾದ ಜಾಗ

ಚಿನಕುರಳಿಯ ಹೇಮಶ್ರೀ ಹೆತ್ತು ಮೂರು ತಿಂಗಳಾಗಿತ್ತು. ಗುಂಡಗಿನ ಹೆಣ್ಣುಮಗು, ದೇವರು ಕೊಟ್ಟ ವರ. ಆದರೆ ಎತ್ತಿಕೊಂಡಾಗಲೆಲ್ಲ ತನ್ನ ಕೈಯೇ ಅದನ್ನು ನಾಲೆಗೆ ಎಸೆದಂತೆ ಕಣ್ಣಿಗೆ ಕಟ್ಟುತ್ತಿತ್ತು. ಮೈಯೆಲ್ಲ ಬೆವರು. ಹಾಲೂಡಿಸಿದವಳೇ ಅತ್ತೆಯ ಮಡಿಲಿಗೆ ದಾಟಿಸಿ ಕೊಟ್ಟಿಗೆ ಸೇರಿಬಿಡುತ್ತಿದ್ದಳು. ಹೇಳಿದರೆ ಮಗುವನ್ನು ಕಿತ್ತುಕೊಂಡು ತವರಿಗೆ ಅಟ್ಟುತ್ತಾರೆಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಬಾಣಂತಿ ಸೊರಗುವುದನ್ನು ಕಂಡ ಆಶಾ ಕಾರ್ಯಕರ್ತೆ, ಪಾಂಡವಪುರದ ಆಸ್ಪತ್ರೆಯಲ್ಲಿ ಮನಸ್ಸಿನ ಕಷ್ಟಕ್ಕೆ ದಾರಿ ತೋರುವವರಿದ್ದಾರೆ, ಹೋಗಿಬನ್ನಿ ಎಂದಳು. ಅತ್ತೆ ಅಣ್ಣಮ್ಮನಿಗೆ ಗೊತ್ತಿದ್ದುದು ಮೈಮೇಲೆ ದೇವರು ಬರುವ ಪೂಜಾರಿಯ ಬಳಿ ಕೇಳಿಸುವ ಪದ್ಧತಿಯೊಂದೇ. ಸೊಸೆಯ ತಲೆಗೆ ನೀರು ಹಾಕಿ, ಬರಿಹೊಟ್ಟೆಯಲ್ಲಿ ಹೊರಡಿಸಿ, ಕೈಗೊಂದು ನಿಂಬೆಹಣ್ಣು ಕೊಟ್ಟಳು.

"ನೀನಾಗಿ ಏನೂ ಅನ್ಬೇಡ ಕಣವ್ವ. ಮೈಮೇಲೆ ದೇವ್ರು ಬಂದ ಗುಡ್ಡಪ್ಪನ ಮುಂದೆ ಕೂತಂಗೆ ಕೂತ್ಕೊ. ನಿನ್ನೊಳಗಿರೋದ ಅವರೇ ಯೋಳ್ತಾರೆ."

ಹೇಮಶ್ರೀಯ ಜೀವವೇ ಹಾರಿತು. ಅತ್ತೆಯ ಎದುರೇ ಹೇಳಿಬಿಟ್ಟರೆ? ಆಸ್ಪತ್ರೆಯವರಿಗೆ ಏನೂ ಕಾಣದಿರಲಿ ತಂದೆ ಎಂದು ಬಸ್ಸಿನಲ್ಲಿ ಕೂತು ಮನೆದೇವರಿಗೆ ಹರಕೆ ಹೊತ್ತಳು.

ಆಪ್ತಸಮಾಲೋಚಕಿ ಪ್ರಿಯಾಂಕ ಇನ್ನೂ ಚಿಕ್ಕ ವಯಸ್ಸಿನವಳು. ಅಣ್ಣಮ್ಮನನ್ನೂ ಮಗುವನ್ನೂ ಹೊರಗೆ ಕೂರಿಸಿ ಬಾಗಿಲು ಮುಂದೆ ಮಾಡಿದಳು. ಹೇಮಶ್ರೀ ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟು ಕೈಮುಗಿದು ಕೂತಳು. ಊಟ, ನಿದ್ದೆ, ಏನು ಕೇಳಿದರೂ ಮೌನ. ಕೊನೆಗೆ ತಡೆಯಲಾರದೆ ತಾನೇ ಕೇಳಿದಳು:

"ನಿಮಗೆ ಕಾಣ್ತಾ ಐತಾ ಮೇಡಂ?"

ಪ್ರಿಯಾಂಕ ನಿಂಬೆಹಣ್ಣಿನ ಕಡೆ ನೋಡಿದಳು. "ಇಲ್ಲಮ್ಮ, ನಂಗೇನೂ ಕಾಣಲ್ಲ. ನೀವು ಹೇಳಿದಷ್ಟೇ ಗೊತ್ತಾಗೋದು. ಇವತ್ತೇ ಎಲ್ಲ ಹೇಳ್ಬೇಕು ಅಂತಲೂ ಇಲ್ಲ."

ಇಲ್ಲಿನ ಮಾತು ಅತ್ತೆಗೂ ಗಂಡನಿಗೂ ಹೋಗುವುದಿಲ್ಲ ಎಂದಳು. ಯಾರದಾದರೂ ಜೀವಕ್ಕೆ ನಿಜವಾಗಿ ಅಪಾಯವಿದ್ದರೆ ಮಾತ್ರ ತಿಳಿಸಬೇಕಾಗುತ್ತದೆ, ಅದನ್ನೂ ಮೊದಲು ನಿಮಗೇ ಹೇಳುತ್ತೇನೆ ಎಂದಳು.

ಜೀವಕ್ಕೆ ಅಪಾಯ ಎಂಬ ಮಾತಿಗೆ ಹೇಮಶ್ರೀ ನಿಂಬೆಹಣ್ಣನ್ನು ಮತ್ತೆ ಕೈಗೆತ್ತಿಕೊಂಡಳು. ಇವಳಿಗೇನೂ ಕಾಣುವುದಿಲ್ಲ, ಹೀಗೇ ಎದ್ದು ಹೋಗಬಹುದು. ಅಷ್ಟರಲ್ಲಿ ಹೊರಗೆ ಮಗು ಅತ್ತಿತು. ಎದೆಯಲ್ಲಿ ಹಾಲು ಒಸರಿತು. ಹೋದರೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಮತ್ತೆ ಅದೇ.

"ನನ್ ಕೈಯೇ ಮಗೀನ ನಾಲೆಗೆ ಎಸ್ದಂಗೆ ಕಾಣ್ತದೆ," ಎಂದಳು.

"ಎಸೀಬೇಕು ಅಂತ ಆಸೆ ಆಗುತ್ತಾ? ಎಸೆದ್ಬಿಟ್ರೆ ಅಂತ ಭಯ ಆಗುತ್ತಾ?"

"ಭಯ. ಅದ್ಕೇ ಹಾಲು ಕುಡಿಸೋದು ಬಿಟ್ರೆ ನಾನು ಮುಟ್ಟೋದೇ ಇಲ್ಲ."

ಪ್ರಿಯಾಂಕ ಬೆಚ್ಚಲಿಲ್ಲ, ಯಾರನ್ನೂ ಕೂಗಲಿಲ್ಲ. ಇನ್ನೂ ಕೆಲವು ಮಾತು ನಿಧಾನವಾಗಿ ಕೇಳಿ ತಿಳಿದುಕೊಂಡಳು. ಇಂಥ ಭಯ ಎಷ್ಟೋ ತಾಯಂದಿರಿಗೆ ಬರುತ್ತದೆ, ವಾಸಿಯಾಗುತ್ತದೆ, ಆದರೆ ನಾಲ್ಕಾರು ಸಲ ಬರಬೇಕು ಎಂದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದು, ಮಗುವನ್ನು ಒಳಗೆ ತರಿಸೋಣವೇ, ನಾನು ಪಕ್ಕದಲ್ಲೇ ಇರುತ್ತೇನೆ ಎಂದಳು.

ಅಣ್ಣಮ್ಮ ತಂದುಕೊಟ್ಟಳು. ಹೇಮಶ್ರೀ ಎರಡೂ ತೋಳು ಚಾಚಿ ಎತ್ತಿಕೊಂಡಳು. ನಾಲೆಯ ನೀರು ಕಣ್ಣ ಮುಂದೆ ಬಂದೇ ಬಂತು. ಅವಳು ಮಗುವನ್ನು ಅತ್ತೆಗೆ ಮರಳಿಸಲಿಲ್ಲ.