ಮೈಕ್ರೋವೇವ್‌ನಲ್ಲಿ ಹೆಪ್ಪು

ಸ್ಟೀಲ್ ಪಾತ್ರೆಯನ್ನು ಮೈಕ್ರೋವೇವ್‌ನಲ್ಲಿ ಇಟ್ಟು ಬಟನ್ ಒತ್ತಬಾರದು ಎಂಬುದು ಈ ದೇಶದಲ್ಲಿ ಎಲಿಮೆಂಟರಿ ಸ್ಕೂಲಿನ ಮಕ್ಕಳಿಗೂ ಗೊತ್ತು. ನನ್ನ ಹೆಂಡತಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದರೆ ತಪ್ಪಾದೀತು. ಗೊತ್ತಿತ್ತು, ಮರೆತಳು. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ನನ್ನ ಹೆಸರು ಉಪೇಂದ್ರ. ಮೈಸೂರಿನವನು. ಶಿಕಾಗೋ ಹತ್ತಿರದ ಒಂದು ಲ್ಯಾಬ್‌ನಲ್ಲಿ ಮನೆಬಳಕೆಯ ಯಂತ್ರಗಳನ್ನು ಸುಟ್ಟು, ಬೀಳಿಸಿ, ನೀರು ಸುರಿದು ಪರೀಕ್ಷೆ ಮಾಡುವುದೇ ಜೀವಮಾನವೆಲ್ಲ ನನ್ನ ಕೆಲಸವಾಗಿತ್ತು. ಜನ ಎಂತೆಂಥ ದಡ್ಡತನ ಮಾಡಬಹುದೋ ಅದನ್ನೆಲ್ಲ ಅವರಿಗಿಂತ ಮೊದಲು ನಾವು ಮಾಡಿ ನೋಡಬೇಕು. ಅದಕ್ಕೆ ಸಂಬಳ ಕೊಡುತ್ತಿದ್ದರು. ರಿಟೈರ್ ಆದಮೇಲೆ ವೆಸ್ಟ್‌ಮಂಟ್‌ನ ಈ ಟೌನ್‌ಹೌಸ್‌ನಲ್ಲಿ ಪರೀಕ್ಷೆ ಮಾಡಲು ನನಗೆ ಉಳಿದಿರುವುದು ಪದ್ಮ ಒಬ್ಬಳೇ ಎಂದು ಪದ್ಮಳೇ ಹೇಳುತ್ತಾಳೆ.

ನಮ್ಮ ಮೈಕ್ರೋವೇವ್ ಇರುವುದು ಗ್ಯಾಸ್ ಒಲೆಯ ನೆತ್ತಿಯ ಮೇಲೆ, ಗೋಡೆಗೆ ಬಿಗಿದುಕೊಂಡು. ಜಾಗ ಉಳಿಯಲಿ ಎಂದು ಯಾವನೋ ಪುಣ್ಯಾತ್ಮ ಮಾಡಿದ ಏರ್ಪಾಡು. ಕೆಳಗೆ ಬೆಂಕಿ, ಮೇಲೆ ಬಿಸಿ ಬಟ್ಟಲು, ಎದುರಿಗೆ ಐದಡಿಯೂ ಇಲ್ಲದ ನನ್ನ ಹೆಂಡತಿ. ಅದು ಸಾಲದೆಂಬಂತೆ ಅವಳಿಗೆ ಎರಡೂ ಭುಜ ಹಿಡಿದುಕೊಂಡಿವೆ, ಕೈ ಕಿವಿಯವರೆಗೂ ಏಳುವುದಿಲ್ಲ. ಸ್ಟೂಲು ಹತ್ತದೆ ಅವಳಿಗೆ ಮೈಕ್ರೋವೇವ್‌ನ ಬಟನ್ ಎಟಕುವುದಿಲ್ಲ.

ಹಾಗಾಗಿ ನಾನು ಕೆಲವು ಕಾಯಿದೆ ಮಾಡಿದ್ದೇನೆ. ಒಲೆ ಉರಿಯುತ್ತಿರುವಾಗ ಮೇಲಿನಿಂದ ಏನನ್ನೂ ಇಳಿಸಕೂಡದು. ಸಾಸಿವೆ ಸಿಡಿಯುವ ಮೊದಲೇ ಹೊಗೆ ಎಳೆಯುವ ಫ್ಯಾನ್ ಹಾಕಬೇಕು, ಒಣಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರ್ಮ್ ಬಾಯಿ ಬಡಿದುಕೊಂಡ ಮೇಲಲ್ಲ. ಮೈಕ್ರೋವೇವ್‌ನ ಅಡಿಯಲ್ಲಿರುವ ಜಾಲರಿಯನ್ನು ಬಿಚ್ಚಿ ಬಿಸಿನೀರು, ಸೋಪಿನಲ್ಲಿ ಆಗಾಗ ತೊಳೆಯಬೇಕು. ಇಲ್ಲದಿದ್ದರೆ ನಮ್ಮ ಒಗ್ಗರಣೆಯ ಜಿಡ್ಡೆಲ್ಲ ಅಲ್ಲೇ ಕೂತು ಒಂದು ದಿನ ಹೊತ್ತಿಕೊಳ್ಳುತ್ತದೆ. ಬರೀ ನೀರು ಕಾಯಿಸುವುದಾದರೆ ಒಳಗೊಂದು ಮರದ ಚಮಚ ಇಡಬೇಕು. ಸುಮ್ಮನೆ ಕೂತಂತೆ ಕಾಣುವ ನೀರು ಕಾಫಿಪುಡಿ ಬಿದ್ದ ಕೂಡಲೇ ಉಕ್ಕಿ ಕೈ ಸುಡುತ್ತದೆ. ಅನ್ನ ಬಿಸಿ ಮಾಡುವಾಗ ನೀರು ಚಿಮುಕಿಸಿ, ಸಡಿಲವಾಗಿ ಮುಚ್ಚಿ, ಮಧ್ಯದಲ್ಲಿ ನಿಲ್ಲಿಸಿ ಕಲಕಬೇಕು. ಚಿನ್ನದ ಅಂಚಿನ ಬಟ್ಟಲು ಬೇಡ. ಸ್ಟೀಲ್ ಅಂತೂ ಬೇಡವೇ ಬೇಡ.

“ರೀ, ನಿಮ್ ಮೈಕ್ರೋವೇವ್‌ಗಿಂತ ನಮ್ಮತ್ತೇನೇ ವಾಸಿ ಕಣ್ರೀ. ಅವರ ಹತ್ರ ಇಷ್ಟು ರೂಲ್ಸ್ ಇರ್ಲಿಲ್ಲ” ಎಂದಿದ್ದಳು ಪದ್ಮ. ನಮ್ಮಮ್ಮನ ಮಡಿ ಕಂಡವರಿಗೆ ಗೊತ್ತು, ಆ ಮಾತು ಎಷ್ಟು ಖಾರದ್ದೆಂದು.

ಇಷ್ಟೆಲ್ಲ ಕಾಯಿದೆ ಮಾಡಿದವನು ಒಂದೇ ಒಂದಕ್ಕೆ ವಿನಾಯಿತಿ ಕೊಟ್ಟಿದ್ದೆ. ಅದು ಮೊಸರು. ಇಲ್ಲಿಯ ಚಳಿಗಾಲದಲ್ಲಿ ಹೊರಗಡೆ ಸೊನ್ನೆ ಡಿಗ್ರಿ ಫ್ಯಾರನ್‌ಹೈಟ್ ಇರುವಾಗ ಹಾಲಿಗೆ ಹೆಪ್ಪು ಹಾಕಿ ಕೌಂಟರ್ ಮೇಲಿಟ್ಟರೆ ಬೆಳಿಗ್ಗೆಗೂ ಅದು ಹಾಲೇ. ಕೆಲವರು ಓವನ್‌ನಲ್ಲಿ ಇಡುತ್ತಾರೆ. ನಮ್ಮ ಓವನ್‌ನಲ್ಲಿ ಬಾಣಲಿ, ಕಾವಲಿ, ಇಡ್ಲಿ ಸ್ಟ್ಯಾಂಡು ತುಂಬಿಕೊಂಡಿವೆ, ಎಲ್ಲ ಇಂಡಿಯನ್ ಮನೆಗಳ ಹಾಗೆ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಬಿಸಿ ತಾಗಿ ಮೈಕ್ರೋವೇವ್ ಒಳಗೆ ಹದವಾಗಿ ಬೆಚ್ಚಗಿರುತ್ತದೆ. ಬಟನ್ ಒತ್ತದಿದ್ದರೆ ಅದೂ ಬರೀ ಒಂದು ಪೆಟ್ಟಿಗೆ ತಾನೇ? ಪದ್ಮ ಅವಳಮ್ಮ ಕೊಟ್ಟ ಸ್ಟೀಲ್ ಪಾತ್ರೆಯಲ್ಲಿ ಹೆಪ್ಪು ಹಾಕಿ ನನ್ನ ಕೈಗೆ ಕೊಡುತ್ತಾಳೆ. ಉದ್ದ ಇರುವವನು ನಾನು, ಮೇಲಿಡುವುದೂ ಇಳಿಸುವುದೂ ನನ್ನ ಪಾಲಿಗೆ. ಮೊಸರು ಗಡ್ಡೆಯ ಹಾಗೆ ಬರುತ್ತದೆ. ಪಕ್ಕದೂರು ಡೌನರ್ಸ್ ಗ್ರೋವ್‌ನ ಗೆಳೆಯ ಪಂಚಾಕ್ಷರಿ ನಮ್ಮ ಮನೆಯಿಂದಲೇ ಹೆಪ್ಪು ಒಯ್ಯುತ್ತಾನೆ.

ಹೋದ ವಾರ ಒಂದು ಬೆಳಿಗ್ಗೆ ನಾನು ಹಾಲ್‌ನ ಕಿಟಕಿ ಹತ್ತಿರ ಕೂತಿದ್ದೆ. ಹಿಮ ತಳ್ಳುವ ಟ್ರಕ್ಕಿನವನು ರಸ್ತೆಯ ಹಿಮವನ್ನೆಲ್ಲ ನಮ್ಮ ಡ್ರೈವ್‌ವೇ ಬಾಯಿಗೇ ತಂದು ಸುರಿಯುತ್ತಿದ್ದ. ಅವನನ್ನು ಬೈಯುತ್ತಿರುವಾಗಲೇ ಅಡುಗೆಮನೆಯಿಂದ ಚಟಪಟ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೈಕ್ರೋವೇವ್ ಒಳಗೆ ನೀಲಿ ಕಿಡಿ ಹಾರುತ್ತಿದೆ. ಪದ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಾಳೆ. ನಾನು ಬಾಗಿಲು ತೆಗೆಯಲಿಲ್ಲ. ಸ್ಟಾಪ್ ಒತ್ತಿ, ಬೇಸ್‌ಮೆಂಟ್‌ಗೆ ಇಳಿದು ಕರೆಂಟಿನ ಬ್ರೇಕರ್ ಆರಿಸಿ ಬಂದೆ. ಹಾಗೆಯೇ ಮಾಡಬೇಕು. ಪಾತ್ರೆಯ ಅಂಚು ಕಪ್ಪಾಗಿತ್ತು. ಮೊಸರಿನ ಮೇಲ್ಪದರ ಒಡೆದು ನೀರು ಬಿಟ್ಟಿತ್ತು.

“ಏನೇ ಇದು? ಬುದ್ಧಿ ಎಲ್ಲಿಟ್ಟಿದ್ದೆ?” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, “ನಾನೇ ಒತ್ತಿರ್ಬೇಕು. ಹೋಗ್ಲಿ ಬಿಡಿ” ಎಂದಳು.

ಹೋಗಲಿ ಬಿಡಿ ಎಂದರೆ ಬಿಡುವ ವಿಷಯವೇ? ಮನೆಗೆ ಬೆಂಕಿ ಬಿದ್ದಿದ್ದರೆ? ಅಂಟಿಕೊಂಡ ನಾಲ್ಕು ಮನೆಗಳೂ ಹೊತ್ತಿಕೊಳ್ಳುತ್ತಿದ್ದವು. ನಾನು ಅವಳನ್ನು ಅಂದು ಬೈದೆ, ಮಾರನೆಯ ದಿನವೂ ಬೈದೆ. ಅವಳು ಎಂದೂ ಹೀಗೆ ಎದುರು ಮಾತಿಲ್ಲದೆ ಬೈಸಿಕೊಂಡವಳಲ್ಲ. ಒಂದು ಮಾತಿಗೆ ಎರಡು ಕೊಡುವ ಹೆಂಗಸು. ಆ ಸುಮ್ಮನಿರುವಿಕೆಯೇ ನನಗೆ ಹೆದರಿಕೆ ಹುಟ್ಟಿಸಿತು.

ಪಂಚಾಕ್ಷರಿಗೆ ಫೋನ್ ಮಾಡಿ ಹೇಳಿಕೊಂಡೆ. ಹುಬ್ಬಳ್ಳಿ ಕಡೆಯವನು, ಮಾತಿಗೆ ಮುಂಚೆ ನಗುವ ಮನುಷ್ಯ. ಅವತ್ತು ನಗಲಿಲ್ಲ. “ಪದ್ಮಕ್ಕನ್ನ ಬೈಬ್ಯಾಡ್ರಿ ಉಪೇಂದ್ರ. ನಾ ಸಂಜಿಕೆ ಮನೀಗೆ ಬರ್ತೇನಿ, ಕುಂತು ಮಾತಾಡೋಣು” ಎಂದ. ಬಂದು ಕೂತು ಹವಾಮಾನದ ಬಗ್ಗೆ ಮಾತಾಡಿ ಹೋದ.

ನಮ್ಮ ಮಗಳು ಸಿಂಧು ಕಾರಿನಲ್ಲಿ ನಾಲ್ಕು ಗಂಟೆ ದೂರದ ಆನ್ ಆರ್ಬರ್‌ನಲ್ಲಿ ಡಾಕ್ಟರ್. ಕಿಡಿಯ ವಿಷಯ ಅವಳಿಗೂ ತಲುಪಿತು. ಫೋನಿನಲ್ಲಿ, “ಅಪ್ಪಾ, ಡೋಂಟ್ ಯೆಲ್ ಅಟ್ ಹರ್, ಪ್ಲೀಸ್. ಗುರುವಾರ ನಮ್ ಹಾಸ್ಪಿಟಲ್‌ನಲ್ಲಿ ಮೆಮೊರಿ ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ಮಾಡಿದೀನಿ. ಬುಧವಾರ ಬಂದು ಪಿಕ್ ಮಾಡ್ತೀನಿ, ಇಬ್ರೂ ರೆಡಿ ಇರಿ” ಎಂದಳು.

“ಆಮೇಲೆ?” ಎಂದೆ.

“ಡಾಕ್ಟರ್ ಏನ್ ಹೇಳ್ತಾರೋ ನೋಡಿ, ಮೇಬಿ ನೀವಿಬ್ರೂ ಇಲ್ಲಿಗೇ ಬಂದ್ಬಿಡೋದು. ಒಲೆ ಹತ್ರ ಒಬ್ರನ್ನೇ ಬಿಡೋಕೆ ಆಗಲ್ಲ ಅಪ್ಪಾ.”

ಫೋನ್ ಇಟ್ಟಮೇಲೆ ನನಗೆ ಸಂಕಟವಾಯಿತು. ಸಿಂಧು ಮನೆಯ ಅಡುಗೆಮನೆ ಆಪರೇಷನ್ ಥಿಯೇಟರಿನ ಹಾಗಿದೆ; ಅಲ್ಲಿ ಒಗ್ಗರಣೆ ಹಾಕಲು ಭಯವಾಗುತ್ತದೆ. ಮದುವೆಯಾಗಿ ಬಂದಂದಿನಿಂದ ಪದ್ಮ ಬೆಳಿಗ್ಗೆ ಎದ್ದು ಒಲೆ ಹಚ್ಚದ ದಿನ ನಾನು ಕಂಡಿಲ್ಲ. ಜ್ವರ ಬಂದರೂ ತಿಳಿಸಾರಿಗೆ ಉಪ್ಪು ಹಾಕುವವಳು ಅವಳೇ. ಆ ಒಲೆಯಿಂದ ಅವಳನ್ನು ಎಬ್ಬಿಸಿದರೆ ಅವಳು ದಿನವೆಲ್ಲ ಎಲ್ಲಿ ಕೂರುತ್ತಾಳೆ, ಏನು ಮಾಡುತ್ತಾಳೆ? ಬೈಯುವುದೇನೋ ಬೈಯುತ್ತೇನೆ, ಆದರೆ ಅವಳ ಅಡುಗೆಮನೆ ಹೋಗಬಾರದು. ಗುರುವಾರದೊಳಗೆ ಏನಾದರೂ ಮಾಡಬೇಕಿತ್ತು.

ಇವತ್ತು ಮಂಗಳವಾರ. ತಿಂಡಿಯ ಹೊತ್ತಿಗೆ ಪದ್ಮಳನ್ನು ಮತ್ತೊಂದು ಸಲ ಬೈದು, ಮಧ್ಯಾಹ್ನ ಒಂದು ಉಪಾಯ ಹೂಡಿದೆ. ಇಂಥ ಸಮಸ್ಯೆಗೆ ಲ್ಯಾಬ್‌ನಲ್ಲಿ ನಾವು ಮಾಡುತ್ತಿದ್ದುದೂ ಅಷ್ಟೇ: ಮನುಷ್ಯನನ್ನು ತಿದ್ದಲು ಹೋಗಬೇಡ, ಕೈಗೆ ಎಟಕದಂತೆ ಮಾಡು. ಸ್ಟೂಲನ್ನು ಬಚ್ಚಿಟ್ಟುಬಿಟ್ಟರೆ ಪದ್ಮಳಿಗೆ ಮೈಕ್ರೋವೇವ್ ಬಟನ್ ಎಟಕುವುದಿಲ್ಲ. ಊಟದ ಕುರ್ಚಿ ಹತ್ತುವಷ್ಟು ಮಂಡಿ ಅವಳಿಗಿಲ್ಲ. ಒಲೆ ಅವಳದು, ಮೈಕ್ರೋವೇವ್ ನನ್ನದು. ಸಿಂಧುಗೆ ಹೇಳಿದರೆ ಒಪ್ಪದೆ ಇರಲಾರಳು ಎನ್ನಿಸಿತು.

ಅಡುಗೆಮನೆಯಲ್ಲಿ ಸ್ಟೂಲು ಇರಲಿಲ್ಲ. ಪ್ಯಾಂಟ್ರಿಯಲ್ಲಿ, ದೇವರ ಮನೆಯಲ್ಲಿ, ಮಹಡಿಯ ಮೇಲೆ ನೋಡಿದೆ. ಎಲ್ಲಿಯೂ ಇಲ್ಲ. ಕೋಟು ಹಾಕಿಕೊಂಡು ಗರಾಜಿಗೆ ಹೋದೆ. ಅಲ್ಲಿ ನನ್ನ ಕೆಲಸದ ಮೇಜಿನ ಮೇಲೆ ಸ್ಟೂಲು ಕಾಲು ಮೇಲೆ ಮಾಡಿಕೊಂಡು ಮಲಗಿತ್ತು. ಮುರಿದ ಕಾಲಿಗೆ ಅಂಟು ಹಾಕಿ ಕ್ಲ್ಯಾಂಪ್ ಬಿಗಿದಿತ್ತು. ಕ್ಲ್ಯಾಂಪ್ ನನ್ನದು, ಬಿಗಿದವನೂ ನಾನೇ. ಅದರ ಮೇಲೆ ಧೂಳು ಕೂತಿತ್ತು.

ಅದು ಮುರಿದದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ದೀಪಾವಳಿಯ ಹಿಂದಿನ ದಿನ ಜಾಲರಿ ತೊಳೆಯುತ್ತೇನೆಂದು ಪದ್ಮ ಸ್ಟೂಲು ಹತ್ತಿದಳು. ಅದರ ಕಾಲು ಲಟಕ್ಕೆಂದಿತು. ನಾನು ಹಿಂದೆಯೇ ಇದ್ದೆ, ಹಿಡಿದುಕೊಂಡೆ. ಜಿಡ್ಡಿನ ಜಾಲರಿ ನನ್ನ ಶರ್ಟಿಗೆ ಒರೆಸಿಕೊಂಡಿತು. “ಅಯ್ಯೋ, ಹೊಸ ಶರ್ಟು!” ಎಂದಳು, ತಾನು ಬೀಳುತ್ತಿದ್ದುದನ್ನು ಬಿಟ್ಟು. ಅವತ್ತೇ ಸ್ಟೂಲನ್ನು ಇಲ್ಲಿಗೆ ತಂದು ಅಂಟು ಹಾಕಿದ್ದೆ. ಮತ್ತೆ ಒಳಗೆ ಒಯ್ದಿರಲಿಲ್ಲ.

ಈಗ ಸಂಕ್ರಾಂತಿಯೂ ಮುಗಿದಿದೆ. ಕಿಡಿ ಹಾರಿದ್ದು ಹೋದ ವಾರ. ಅಂದರೆ ಅವತ್ತು ಪದ್ಮಳಿಗೆ ಬಟನ್ ಎಟಕುವ ದಾರಿಯೇ ಇರಲಿಲ್ಲ. ಮನೆಯಲ್ಲಿರುವುದು ನಾವು ಇಬ್ಬರೇ.

ಗರಾಜಿನ ಚಳಿಯಲ್ಲಿ ಬಹಳ ಹೊತ್ತು ನಿಂತೆ. ಬೆಳಿಗ್ಗೆ ಕಾಫಿ ಆರಿದರೆ ನಾನು ಅದನ್ನು ಬಿಸಿ ಮಾಡಿಕೊಳ್ಳುತ್ತೇನೆ, ದಿನವೂ. ಲೋಟ ಒಳಗಿಟ್ಟಿದ್ದೇನೆಂದುಕೊಂಡು ಒತ್ತಿರಬೇಕು. ಒತ್ತಿ ಹಾಲ್‌ಗೆ ಹೋಗಿ ಕೂತಿರಬೇಕು. ಇದ್ಯಾವುದೂ ನನಗೆ ನೆನಪಿಲ್ಲ. ಎಷ್ಟು ತಡಕಾಡಿದರೂ ಆ ಬೆಳಿಗ್ಗೆಯಲ್ಲಿ ಟ್ರಕ್ಕಿನವನು ಇದ್ದಾನೆ, ಕಿಡಿ ಇದೆ, ಬಟನ್ ಮೇಲೆ ನನ್ನ ಬೆರಳು ಮಾತ್ರ ಇಲ್ಲ. ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಏನೂ ಮಾಡದವಳನ್ನು ವಾರವೆಲ್ಲ ಬೈದಿದ್ದೆ.

ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಒಳಗೆ ಬಂದೆ. ಪದ್ಮ ಟೇಬಲ್ ಹತ್ತಿರ ಕೂತು ಹುಳಿಗೆ ಹುರುಳಿಕಾಯಿ ಹೆಚ್ಚುತ್ತಿದ್ದಳು.

“ಪದ್ಮ, ಒಂದ್ ಮಾತು ಹೇಳ್ಬೇಕು. ಅವತ್ತು ಮೈಕ್ರೋವೇವ್ ಒತ್ತಿದ್ದು ನೀನಲ್ಲ. ನಾನು.”

“ಹೂಂ” ಎಂದಳು. ಚಾಕು ನಿಲ್ಲಲಿಲ್ಲ.

“ಹೂಂ ಅಂದ್ರೇನೇ? ನಾನು ಇಷ್ಟು ದಿನ ನಿನ್ನ ಬೈದಿದೀನಿ. ಸಿಂಧುಗೆ ಈಗ್ಲೇ ಫೋನ್ ಮಾಡ್ತೀನಿ. ನಿನ್ನ ಯಾವ ಕ್ಲಿನಿಕ್ಕಿಗೂ ಕರ್ಕೊಂಡು ಹೋಗೋದು ಬೇಡ ಅಂತೀನಿ.”

“ಅವಳಿಗೆ ಗೊತ್ತು ರೀ.”

“ನೀನು ಹೇಳಿದ್ಯಾ?”

“ಇಲ್ಲ. ನೀವೇ ಹೇಳಿದ್ರಿ, ಫೋನ್‌ನಲ್ಲಿ.”

“ನಾನೆಲ್ಲಿ ಹೇಳ್ದೆ? ಈಗ ತಾನೇ ಗರಾಜಿಂದ ಬರ್ತಾ ಇದೀನಿ!”

ಅವಳು ಚಾಕು ಕೆಳಗಿಟ್ಟಳು. “ಭಾನುವಾರನೂ ಗರಾಜಿಂದಾನೇ ಬಂದ್ರಿ. ಇದೇ ಕೋಟು ಹಾಕ್ಕೊಂಡು, ಇಲ್ಲೇ ನಿಂತ್ಕೊಂಡು, ಪದ್ಮ ಒಂದ್ ಮಾತು ಹೇಳ್ಬೇಕು ಅಂದ್ರಿ. ಅದಕ್ಕೆ ಮುಂಚೆನೂ ಒಂದ್ಸಲ ಹೇಳಿದ್ರಿ.”

ನಾನು ಕುರ್ಚಿ ಎಳೆದುಕೊಂಡು ಕೂತೆ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುವಾಗ ಮೂಗು ಅರಳುತ್ತದೆ. ಅರಳಿರಲಿಲ್ಲ.

“ಹಾಗಾದ್ರೆ ಗುರುವಾರದ ಅಪಾಯಿಂಟ್‌ಮೆಂಟು?”

“ನಿಮ್ದೇ. ನಿಮಗೇ ಅಂತ ಹೇಳಿದ್ರೆ ನೀವು ಕಾರು ಹತ್ತಲ್ಲ ಅಂತ ಸಿಂಧು ಇಬ್ರೂ ಬನ್ನಿ ಅಂದ್ಲು.”

“ಇವತ್ತು ಬೆಳಿಗ್ಗೆನೂ ನಿನ್ನ ಬೈದ್ನಲ್ಲ?”

“ಬೈದ್ರಿ.”

“ಎಲ್ಲಾ ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ಬಾಯಿಲ್ವಾ ನಿನಗೆ?”

“ಒತ್ತಿದ್ದು ನೀವು ಅಂತ ಗೊತ್ತಾದಾಗೆಲ್ಲ ನಿಮಗೆ ಹೊಸದಾಗಿ ಸಂಕಟ ಆಗತ್ತೆ. ಈಗ ಆಗ್ತಿದೆಯಲ್ಲ, ಹೀಗೇ. ನನಗಾದ್ರೆ ನಿಮ್ ಬೈಗುಳ ಹಳೇದು.”

ಅವಳ ಮುಂದೆ ಹುರುಳಿಕಾಯಿ ನಾರು ಗುಡ್ಡೆ ಬಿದ್ದಿತ್ತು. ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಕೈ ಗರಾಜಿನ ಚಳಿಗೆ ಇನ್ನೂ ಮರಗಟ್ಟಿತ್ತು.

“ಇಲ್ಲಿ ಕೇಳು. ನಾಳೆ ಬೆಳಿಗ್ಗೆ ನಾನು ಮತ್ತೆ ಶುರು ಮಾಡಿದ್ರೆ ಸುಮ್ನಿರ್ಬೇಡ. ‘ಒತ್ತಿದ್ದು ನೀವು’ ಅಂತ ಮುಖಕ್ಕೆ ಹೇಳ್ಬಿಡು. ಸಂಕಟ ಆದ್ರೆ ಆಗ್ಲಿ. ನನ್ನಾಣೆ.”

“ಭಾನುವಾರನೂ ಆಣೆ ಹಾಕಿಸ್ಕೊಂಡ್ರಿ” ಎಂದಳು ಪದ್ಮ. “ಇವತ್ತು ಬೆಳಿಗ್ಗೆ ಹೇಳೋಣ ಅಂತಾನೇ ಬಾಯಿ ತೆಗೆದೆ ರೀ. ನನ್ ಕೈಲಾಗ್ಲಿಲ್ಲ.”